ಬೆರಳಿಗೆ ಹಾಕುವ ಆಕ್ಸಿಮೀಟರ್: ಹನ್ನೊಂದು ಮನೆಯವರು ಐದು ವರ್ಷ ಬಳಸಿದ ಮೇಲೆ

ಇದು ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟಿದೆ ಅಂತ ತೋರಿಸುವ, ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಬಗ್ಗೆ. ಮೊನ್ನೆ ತಂದು ನಾಲ್ಕು ದಿನ ನೋಡಿ ಬರೆಯುತ್ತಿರುವುದಲ್ಲ. 2021ರ ಮೇ ತಿಂಗಳಲ್ಲಿ ತಂದದ್ದು, ಅಲ್ಲಿಂದ ಇಲ್ಲಿಯವರೆಗೆ ನಮ್ಮ ಬೀದಿಯ ಹನ್ನೊಂದು ಮನೆಯವರ ಬೆರಳು ಅದರೊಳಗೆ ಹೋಗಿ ಬಂದಿವೆ. ಹೋದ ವಾರ ನನ್ನ ತಂಗಿ ಫೋನ್ ಮಾಡಿ, "ನಮ್ಮ ಮಾವನವರಿಗೆ ಒಂದು ತಗೋಬೇಕು, ಹೇಗೆ ನೋಡಿ ತಗೊಳ್ಳೋದು?" ಅಂದಳು. ಹೇಳುತ್ತಾ ಹೇಳುತ್ತಾ ಒಂದು ಗಂಟೆ ಆಯಿತು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ನಾವು ತುಮಕೂರಿನವರು. ಕ್ಯಾತ್ಸಂದ್ರದ ಕಡೆ ನಮ್ಮದೊಂದು ಹಿಟ್ಟಿನ ಮಿಲ್ಲು. ಮುಂದೆ ಮಿಲ್ಲು, ಹಿಂದೆ ಮನೆ. ರಾಗಿಯೇ ಹೆಚ್ಚು, ಜೊತೆಗೆ ಗೋಧಿ, ಅಕ್ಕಿ. ಬೀದಿಯಲ್ಲಿ ಯಾರ ಮನೆಯಲ್ಲಿ ಏನು ನಡೆಯುತ್ತಿದೆ ಅಂತ ನನಗೆ ಡಬ್ಬದ ತೂಕದಲ್ಲೇ ಗೊತ್ತಾಗುತ್ತದೆ. ನೆಂಟರು ಬಂದಿದ್ದರೆ ಡಬ್ಬ ಬೇಗ ಬರುತ್ತದೆ. ಮಗಳು ಗಂಡನ ಮನೆಗೆ ಹೋದರೆ ಡಬ್ಬ ಹಗುರಾಗುತ್ತದೆ. 2021ರ ಏಪ್ರಿಲ್ ಕೊನೆಯಲ್ಲಿ ಕೆಲವು ಡಬ್ಬಗಳು ಬರುವುದೇ ನಿಂತವು. ಬೀದಿಯಲ್ಲಿ ಏನೋ ಆಗುತ್ತಿದೆ ಅಂತ ನನಗೆ ತಿಳಿದದ್ದು ಹಾಗೆ.

ಕೊರೋನಾದ ಮೊದಲ ವರ್ಷದ್ದನ್ನು ಹೆಚ್ಚು ಹೇಳುವುದಿಲ್ಲ. 2020ರ ಮಾರ್ಚ್ 22ರ ಜನತಾ ಕರ್ಫ್ಯೂ, ಎರಡು ದಿನ ಬಿಟ್ಟು ಇಡೀ ದೇಶ ಬಂದ್, ಎಲ್ಲರೂ ನೋಡಿದ್ದೇ. ಆದರೆ ಒಂದು ಮಾತು ಹೇಳಲೇಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಆ ವರ್ಷ ಪಾಸಿಟಿವ್ ಬಂದ ಮನೆಯನ್ನು ಸೀಲ್‌ಡೌನ್ ಮಾಡುತ್ತಿದ್ದರು. ಬಾಗಿಲಿಗೆ ಚೀಟಿ, ರಸ್ತೆಗೆ ಅಡ್ಡ ಪಟ್ಟಿ. ಕಾಯಿಲೆಗಿಂತ ಆ ಚೀಟಿಗೆ ಜನ ಹೆದರಿದರು. ನಮ್ಮ ಬೀದಿಯಲ್ಲಿ ಒಂದು ಮನೆಗೆ ಹಾಗಾಗಿತ್ತು. ವಾಸಿಯಾಗಿ ಮೂರು ತಿಂಗಳಾದರೂ ಆ ಮನೆಯ ಹುಡುಗಿ ತಂದ ರಾಗಿ ಡಬ್ಬದ ಪಕ್ಕ ತಮ್ಮ ಡಬ್ಬ ಇಡಲು ಕೆಲವರು ಹಿಂಜರಿಯುತ್ತಿದ್ದರು. ಅದಕ್ಕೇ ಎರಡನೇ ಅಲೆ ಬಂದಾಗ ಜನ ಜ್ವರವನ್ನು ಮುಚ್ಚಿಟ್ಟರು. "ಮಳೆಯಲ್ಲಿ ನೆಂದೆ", "ಉಷ್ಣ ಆಗಿದೆ" ಅನ್ನುತ್ತಿದ್ದರು.

2021ರ ಏಪ್ರಿಲ್ 27ರ ರಾತ್ರಿ 9ಕ್ಕೆ ಮತ್ತೆ ಎಲ್ಲ ಮುಚ್ಚಿತು. ಬೆಳಿಗ್ಗೆ 6ರಿಂದ 10ರವರೆಗೆ ದಿನಸಿ ಕೊಳ್ಳಲು ಬಿಟ್ಟಿದ್ದರು. ಆ ನಾಲ್ಕು ಗಂಟೆ ನಮ್ಮ ಮಿಲ್ಲು ಓಡುತ್ತಿತ್ತು. ಬೆಂಗಳೂರಿನ ಪಿಜಿಯಲ್ಲಿದ್ದ ಮಗ ಎರಡು ದಿನ ಮುಂಚೆಯೇ ಬಂದಿದ್ದ. ನಮ್ಮಲ್ಲಿಗೆ ಬರೀ 70 ಕಿಲೋಮೀಟರ್. ಆ ವಾರ ಹೆದ್ದಾರಿಯಲ್ಲಿ ಹಾಸಿಗೆ, ಬಕೆಟ್ಟು ಕಟ್ಟಿಕೊಂಡು ಹೋಗುತ್ತಿದ್ದ ಬೈಕುಗಳನ್ನು ನೋಡಿದವರಿಗೆ ಗೊತ್ತು. ಮೇ ಮೊದಲ ವಾರ ನಮ್ಮನೆಯವರಿಗೆ ಜ್ವರ ಬಂತು. ಟೆಸ್ಟಿಗೆ ಕೊಟ್ಟು ಬಂದೆವು. ರಿಸಲ್ಟ್ ಬರುವುದಕ್ಕೆ ನಾಲ್ಕು ದಿನ ಆಯಿತು. ಅಷ್ಟರಲ್ಲಿ ನಮ್ಮತ್ತೆಗೂ ಮೈ ಬಿಸಿ.

ಫೋನಿನಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಸ್ಯಾಚುರೇಷನ್ ಎಷ್ಟಿದೆ?" ಅಂದರೆ ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟು ಅಂತ. ಮನೆಯಲ್ಲಿ ಥರ್ಮಾಮೀಟರ್ ಕೂಡ ಇರಲಿಲ್ಲ.

ಮೊದಲು ತಂದ ಆಕ್ಸಿಮೀಟರು ಮೋಸದ್ದು. ಎಲ್ಲಿ ತಂದೆವು ಅಂತ ಬರೆಯುವುದಿಲ್ಲ. ಊರಲ್ಲೆಲ್ಲ ಸ್ಟಾಕ್ ಇರಲಿಲ್ಲ, ಇದ್ದವರು ಹೇಳಿದ್ದೇ ರೇಟು. ಬಿಲ್ ಕೇಳಿದರೆ, "ಬೇಕಾದ್ರೆ ತಗೊಳಿ, ಇಲ್ಲಾಂದ್ರೆ ಬಿಡಿ." 1,800 ಕೊಟ್ಟು ತಂದೆವು. ಜ್ವರ ಬಂದ ನಮ್ಮನೆಯವರಿಗೆ 98. ನನಗೆ 98. ಅತ್ತೆಗೆ 98. ಮಗನಿಗೆ 98. ನಾನು ಕೈ ಮುಗಿದು ದೇವರ ಮುಂದೆ ದೀಪ ಹಚ್ಚಿದೆ. ಮಗನಿಗೆ ಅನುಮಾನ ಬಂದು, ಲೆಕ್ಕ ಬರೆಯುವ ಪೆನ್ಸಿಲ್ ಅದರ ಬಾಯಿಗೆ ಇಟ್ಟ. ಪೆನ್ಸಿಲಿಗೂ 98 ಬಂತು, ನಾಡಿ 76. ಆಗ ನನಗೆ ಹೊಟ್ಟೆಯಲ್ಲಿ ಆದ ಸಂಕಟ ಈಗಲೂ ಮರೆತಿಲ್ಲ. ದುಡ್ಡು ಹೋಗಿದ್ದಕ್ಕಲ್ಲ. ಅದನ್ನು ನಂಬಿ ಒಂದು ರಾತ್ರಿ ಪೂರ್ತಿ ನಿದ್ದೆ ಮಾಡಿದ್ದೆನಲ್ಲ, ಅದಕ್ಕೆ. ಇಂಥ ಯಂತ್ರ ಮಾರುವುದು ಬರೀ ಮೋಸವಲ್ಲ, ಕೊಲೆಗೆ ಹತ್ತಿರದ ಕೆಲಸ ಅಂತಲೇ ನನ್ನ ಅಭಿಪ್ರಾಯ.

ಎರಡನೆಯದನ್ನು ಮಿಲ್ಲಿಗೆ ಬರುವ ಒಬ್ಬ ಮೇಷ್ಟ್ರು ತಮಗೆ ಗೊತ್ತಿದ್ದವರಿಂದ ತರಿಸಿಕೊಟ್ಟರು. 2,200 ರೂಪಾಯಿ, ಬಿಲ್ ಸಮೇತ. ಈ ವಿಮರ್ಶೆ ಅದರದ್ದು. ಬೂದು ಬಣ್ಣ, ಅಂಗೈಯಲ್ಲಿ ಮುಚ್ಚಿಡಬಹುದು, ಒಳಗೆ ಎರಡು ಸಣ್ಣ ಸೆಲ್. ಒತ್ತಿದರೆ ಇಲಿಬೋನಿನ ಹಾಗೆ ಬಾಯಿ ತೆರೆಯುತ್ತದೆ. ಒಳಗೆ ಕೆಂಪು ಬೆಳಕು.

ಆ ಬೆಳಕಿನ ವಿಷಯ ಮಗ ವಿವರಿಸಿದ. ಅವನು ಆಗ ಇಂಜಿನಿಯರಿಂಗ್ ಓದುತ್ತಿದ್ದ. ಕಾಣುವ ಕೆಂಪು ಬೆಳಕೊಂದು, ಕಾಣದ ಇನ್ಫ್ರಾರೆಡ್ ಬೆಳಕೊಂದು, ಎರಡೂ ಬೆರಳನ್ನು ದಾಟಿ ಆ ಕಡೆ ಬರುತ್ತವೆ. ಆಮ್ಲಜನಕ ತುಂಬಿದ ರಕ್ತ ಇನ್ಫ್ರಾರೆಡ್ಡನ್ನು ಹೆಚ್ಚು ಹೀರುತ್ತದೆ, ಆಮ್ಲಜನಕ ಇಲ್ಲದ ರಕ್ತ ಕೆಂಪನ್ನು ಹೆಚ್ಚು ಹೀರುತ್ತದೆ. ಎರಡರ ಲೆಕ್ಕ ಹಾಕಿ ಯಂತ್ರ ನಂಬರ್ ತೋರಿಸುತ್ತದೆ. ಬೆರಳಲ್ಲಿ ಮೂಳೆ, ಚರ್ಮ, ಮಾಂಸ ಎಲ್ಲ ಇದೆಯಲ್ಲ, ಅದರಲ್ಲಿ ಅಪಧಮನಿಯ ರಕ್ತ ಯಾವುದು ಅಂತ ಹೇಗೆ ಗೊತ್ತಾಗುತ್ತದೆ ಅಂತ ಕೇಳಿದೆ. ಮಿಡಿಯುವುದು ಅದೊಂದೇ, ಮಿಕ್ಕದ್ದೆಲ್ಲ ಸುಮ್ಮನಿರುತ್ತದೆ, ಅದಕ್ಕೆ ಯಂತ್ರ ಮಿಡಿತವನ್ನು ಹಿಡಿಯುತ್ತದೆ ಅಂದ. ಇದನ್ನು ಕಂಡುಹಿಡಿದವರು ಜಪಾನಿನ ಟಾಕುವೊ ಅಯೋಯಾಗಿ ಎನ್ನುವ ಇಂಜಿನಿಯರ್, 1974ರಲ್ಲಿ. ಅವರು ಬೇರೇನೋ ಅಳೆಯಲು ಹೊರಟಿದ್ದರಂತೆ. ನಾಡಿಯ ಮಿಡಿತ ಅಳತೆಗೆ ತೊಂದರೆ ಕೊಡುತ್ತಿತ್ತು. ಅದನ್ನು ಹೋಗಲಾಡಿಸಲು ಕೂತಾಗಲೇ ಆ ಮಿಡಿತದಲ್ಲೇ ಆಮ್ಲಜನಕದ ಲೆಕ್ಕ ಇದೆ ಅಂತ ಹೊಳೆಯಿತು. ಅವರು ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ, ಇಡೀ ಪ್ರಪಂಚ ಅವರ ಯಂತ್ರವನ್ನು ಹುಡುಕುತ್ತಿದ್ದ ಹೊತ್ತಿನಲ್ಲಿ. ನಾನು ಅವರ ಹೆಸರನ್ನು ಮಿಲ್ಲಿನ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟೆ.

ಆ ಲೆಕ್ಕದ ಪುಸ್ತಕವೇ ನಮ್ಮ ಆಸ್ಪತ್ರೆ ರಿಜಿಸ್ಟರ್ ಆಯಿತು. ಹೆಸರು, ಕಾಳು, ಕೆಜಿ, ರೂಪಾಯಿ ಅಂತ ನಾಲ್ಕು ಕಾಲಂ ಮೊದಲೇ ಹಾಕಿತ್ತು. ಕಾಳು ಇದ್ದ ಕಡೆ ಹೊತ್ತು, ಕೆಜಿ ಇದ್ದ ಕಡೆ ಆಕ್ಸಿಜನ್, ರೂಪಾಯಿ ಇದ್ದ ಕಡೆ ನಾಡಿ. ಮೊದಲ ಸಾಲು ನಮ್ಮನೆಯವರದ್ದು: ಬೆಳಿಗ್ಗೆ 7, 96, 88. ಎರಡನೇ ಸಾಲು ಅತ್ತೆಯದ್ದು: ಬೆಳಿಗ್ಗೆ 7, 94, 102.

ಇಲ್ಲಿ ಅತ್ತೆಯ ವಿಷಯ ಹೇಳಬೇಕು.

ನಮ್ಮತ್ತೆ ಮಧುಗಿರಿ ಕಡೆಯವರು. ಆಗ ಅವರಿಗೆ 71, ಸಕ್ಕರೆ ಕಾಯಿಲೆ ಬೇರೆ. ಏಪ್ರಿಲ್‌ನಲ್ಲಿ ಒಂದು ಡೋಸ್ ಲಸಿಕೆ ಆಗಿತ್ತು. ನಮ್ಮಿಬ್ಬರ ಒಲೆ ಬೇರೆಯಾಗಿ ಹನ್ನೆರಡು ವರ್ಷ ಆಗಿತ್ತು. ಒಂದೇ ಸೂರು, ಎರಡು ಅಡುಗೆ. ಜಗಳದ ಮೂಲ ನಾನು ಮಿಲ್ಲಿನ ಗಲ್ಲಾದಲ್ಲಿ ಕೂರಲು ಶುರು ಮಾಡಿದ್ದು. ಹೆಂಗಸು ಬೀದಿಗೆ ಮುಖ ಕೊಟ್ಟು ಕೂರುವುದು ಅವರಿಗೆ ಸರಿ ಬರಲಿಲ್ಲ. ನಾನೂ ಬಿಡಲಿಲ್ಲ. ಅವರು ಒಂದು ಮೂಲೆಗೆ ಸ್ಟವ್ ಇಟ್ಟುಕೊಂಡು ಬೇರೆ ಬೇಯಿಸಿಕೊಳ್ಳತೊಡಗಿದರು. ಮಧುಗಿರಿ ಬೆಟ್ಟದ ಹಾಗೆ ಒಂದೇ ಕಲ್ಲು ಅವರು, ಅಲ್ಲಾಡಿಸೋಕೆ ಆಗಲ್ಲ ಅಂತ ನಮ್ಮನೆಯವರೂ ಕೈಬಿಟ್ಟರು. ಮಾತು ಇತ್ತು, ಬೇಕಾದಷ್ಟೇ.

ಆಕ್ಸಿಮೀಟರಿಗೆ ಬೆರಳು ಬೆಚ್ಚಗಿರಬೇಕು. ತಣ್ಣಗಿದ್ದರೆ ಅಲ್ಲಿ ರಕ್ತ ಸರಿಯಾಗಿ ಓಡುವುದಿಲ್ಲ, ನಂಬರ್ ತಪ್ಪು ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಅತ್ತೆಯ ಕೈ ಸದಾ ತಣ್ಣಗೆ. ಮೇಲಾಗಿ ಬೆರಳ ತುದಿಯೆಲ್ಲ ದಪ್ಪ ಕಟ್ಟಿತ್ತು. ಹದಿನಾಲ್ಕು ಜನರ ಮನೆಗೆ ಬೀಸುವ ಕಲ್ಲಿನಲ್ಲಿ ರಾಗಿ ಬೀಸಿದ ಕೈ ಅದು. ಮೀಟರ್ ಹಾಕಿದರೆ ಎರಡು ಗೆರೆ ಮಿನುಗಿ ಆರಿಹೋಗುತ್ತಿತ್ತು. ಡಾಕ್ಟರು, "ಕೈ ಉಜ್ಜಿ ಬೆಚ್ಚಗೆ ಮಾಡಿ ಹಾಕಿ" ಅಂದರು. ನಾನು ಮಾಸ್ಕ್ ಹಾಕಿಕೊಂಡು, ಕಿಟಕಿ ತೆಗೆದು, ಅವರ ಮಂಚದ ಪಕ್ಕ ಕೂತು ಎರಡೂ ಅಂಗೈ ನಡುವೆ ಅವರ ಕೈ ಇಟ್ಟುಕೊಂಡು ಉಜ್ಜಿದೆ. ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಅವರ ಕೈಯನ್ನು ನಾನು ಹಿಡಿದದ್ದು ಅದೇ ಮೊದಲು. ಬಲಗೈ ನಡುಬೆರಳು ಸ್ವಲ್ಪ ಒಳಕ್ಕೆ ಬಾಗಿದೆ ಅಂತ ಆವತ್ತು ಗೊತ್ತಾಯಿತು. ಕೇಳಿದೆ. ಕಲ್ಲಿನ ಗೂಟ ಹಿಡಿದು ಹಿಡಿದು ಹಾಗಾಗಿದೆ ಅಂದರು. "ನಿಂಗೆ ಅದೆಲ್ಲ ಇಲ್ಲ ಬಿಡು, ಸ್ವಿಚ್ಚು" ಅಂದು ಮುಖ ಆ ಕಡೆ ತಿರುಗಿಸಿದರು. ಬಯ್ಗುಳ ಅಲ್ಲ ಅದು. ಬಿಟ್ಟುಕೊಟ್ಟದ್ದು.

ಆ ರಾತ್ರಿ ಮೂರು ಗಂಟೆಗೆ 93 ಬಂತು. ಅವರಿಗೆ ಏನೂ ಅನ್ನಿಸುತ್ತಿರಲಿಲ್ಲ. ಉಸಿರು ಕಟ್ಟುತ್ತಾ ಅಂದರೆ ಇಲ್ಲ ಅನ್ನುತ್ತಿದ್ದರು, ನೀರು ಕೇಳಿ ಕುಡಿದರು. ಈ ಕಾಯಿಲೆಯ ಮೋಸ ಇರುವುದೇ ಅಲ್ಲಿ. ಆಮ್ಲಜನಕ ಇಳಿಯುತ್ತಾ ಹೋಗುತ್ತದೆ, ಮನುಷ್ಯ ಮಾತಾಡುತ್ತಲೇ ಇರುತ್ತಾನೆ. ಏದುಸಿರು ಬರುವ ಹೊತ್ತಿಗೆ ತಡವಾಗಿರುತ್ತದೆ. ಈ ಸಣ್ಣ ಯಂತ್ರದ ಬೆಲೆ ಇರುವುದು ಆ ಮಾತಾಡುತ್ತಿರುವ ಹೊತ್ತಿನಲ್ಲಿ.

ಡಾಕ್ಟರು ಫೋನ್ ಎತ್ತಿದರು, ಮೂರು ಗಂಟೆ ರಾತ್ರಿಯಲ್ಲಿ. ಬೋರಲು ಮಲಗಿಸಿ, ಅರ್ಧ ಗಂಟೆಗೊಮ್ಮೆ ನೋಡಿ, ಏರದಿದ್ದರೆ, 92 ಆದರೆ, ಒಂದು ನಿಮಿಷ ಕಾಯಬೇಡಿ ಅಂದರು. ಕತ್ತಿನ ಕೆಳಗೆ ಒಂದು ದಿಂಬು, ಎದೆಯಿಂದ ತೊಡೆಯವರೆಗೆ ಒಂದೆರಡು, ಕಣಕಾಲ ಕೆಳಗೆ ಎರಡು. ಅಷ್ಟು ದಿಂಬು ಮನೆಯಲ್ಲಿ ಎಲ್ಲಿಂದ ತರುವುದು? ಅತ್ತೆಯೇ ಬೆರಳು ತೋರಿಸಿದರು, ಟ್ರಂಕಿನ ಕಡೆ. ತವರಿನಿಂದ ತಂದ ಬೂರುಗದ ಹತ್ತಿಯ ದಿಂಬುಗಳು ಅದರಲ್ಲಿದ್ದವು. ಮಕ್ಕಳಿಗೂ ಮುಟ್ಟಲು ಕೊಟ್ಟವರಲ್ಲ. ನಾನೇ ತೆಗೆದು ಇಟ್ಟೆ. "ಈ ವಯಸ್ಸಲ್ಲಿ ಕೂಸಿನ ಥರ ಬೋರಲು ಮಲಗಿಸ್ತೀಯಲ್ಲೇ" ಅಂದರು. ಅರ್ಧ ಗಂಟೆಗೆ 94. ಒಂದು ಗಂಟೆಗೆ 95. ಬೆಳಗಾಗುವ ಹೊತ್ತಿಗೆ ಲೆಕ್ಕದ ಪುಸ್ತಕದ ಒಂದು ಪುಟ ಪೂರ್ತಿ ಅವರ ಹೆಸರೇ.

ಐದು ರಾತ್ರಿ ಹಾಗೇ ಕಳೆಯಿತು. ಹಗಲು ನಾಲ್ಕು ಗಂಟೆ ಮಿಲ್ಲನ್ನು ಮಗ ನೋಡಿಕೊಂಡ. ನಮ್ಮನೆಯವರು ಜ್ವರ ಬಿಟ್ಟ ಮೂರನೇ ದಿನ ಮಾಸ್ಕ್ ಹಾಕಿಕೊಂಡು ಅಡುಗೆಮನೆಗೆ ಹೋಗಿ, ಜೀವಮಾನದಲ್ಲಿ ಮೊದಲ ಸಲ ಕೋಲು ಹಿಡಿದು ಮುದ್ದೆ ತಿರುವಿದರು. ಉಪ್ಪೆಸರು, ಮುದ್ದೆ. ಗಂಟಾಗಿತ್ತು ಮುದ್ದೆ. ಅದೇ ಒಲೆಯಲ್ಲಿ ಮಾಡಿದ್ದನ್ನು ಅತ್ತೆಯೂ ಉಂಡರು, ನಾನೂ ಉಂಡೆ. ಆ ದಿನದಿಂದ ಮೂಲೆಯ ಸ್ಟವ್ ಹಚ್ಚಲಿಲ್ಲ. ಯಾರೂ ಅದರ ಬಗ್ಗೆ ಮಾತೂ ಆಡಲಿಲ್ಲ.

ಆರನೇ ರಾತ್ರಿ ನಾನು ಕೂತಲ್ಲೇ ತೂಕಡಿಸಿದ್ದೆ. ಏನೋ ಸದ್ದು ಕೇಳಿ ಎಚ್ಚರವಾಯಿತು. ಅತ್ತೆ ಬೋರಲು ಮಲಗಿಕೊಂಡೇ ಬೀಸುವ ಪದ ಗುನುಗುತ್ತಿದ್ದರು. ಉಸಿರು ತುಂಡಾಗದೆ, ಒಂದು ಸಾಲಿನಿಂದ ಇನ್ನೊಂದು ಸಾಲಿಗೆ. ಮೀಟರ್ ಹಾಕುವ ಮೊದಲೇ ನನಗೆ ಗೊತ್ತಾಯಿತು. ಆದರೂ ಹಾಕಿದೆ. ಕೈ ಉಜ್ಜುವ ಮೊದಲೇ ಅವರೇ ಬೆರಳು ಚಾಚಿದರು. 96.

ಬೀದಿಯ ಮಾತಿಗೆ ಬರುತ್ತೇನೆ. ನಮ್ಮ ಮನೆಯಲ್ಲಿ ಮೀಟರ್ ಇದೆ ಅಂತ ಎರಡೇ ದಿನಕ್ಕೆ ಹಬ್ಬಿತು. ಮೊದಲು ಕೇಳಿದವರು ಎದುರು ಮನೆಯವರು, ಅದೂ ಕತ್ತಲಾದ ಮೇಲೆ ಬಂದು, ಗೇಟಿನಾಚೆ ನಿಂತು. "ಯಾರಿಗೂ ಹೇಳಬೇಡಿ." ಕೊಟ್ಟೆ. ಮಾರನೇ ದಿನ ಇನ್ನೊಬ್ಬರು, ಅವರೂ ಕತ್ತಲಲ್ಲೇ. ಹೀಗೆ ಕದ್ದು ಮುಚ್ಚಿ ನಡೆದರೆ ಯಾರಿಗೆ ಬೇಕೋ ಅವರಿಗೆ ಹೊತ್ತಿಗೆ ಸಿಗುವುದಿಲ್ಲ. ಮೀಟರ್ ಹೋದ ಮನೆ ಪಾಸಿಟಿವ್ ಮನೆ ಅಂತ ಗುರುತೂ ಆಗಿಬಿಡುತ್ತದೆ, ಸೀಲ್‌ಡೌನ್ ಚೀಟಿಯ ಹಾಗೆ. ನಮ್ಮತ್ತೆಯೇ ದಾರಿ ಹೇಳಿದರು, ಹಾಸಿಗೆಯಲ್ಲಿ ಮಲಗಿಕೊಂಡೇ. "ಮಂಗಳಾರತಿ ತಟ್ಟೆ ಎಲ್ಲರ ಮುಂದೂ ಹೋಗುತ್ತಲ್ಲ, ಹಂಗೆ ಕಳಿಸು. ಕಾಯಿಲೆ ಇರೋರ ಮನೆ, ಇಲ್ಲದಿರೋರ ಮನೆ ಅಂತ ಯಾಕೆ ನೋಡ್ತೀಯ."

ಹಾಗೇ ಮಾಡಿದೆವು. ಒಂದು ಸ್ಟೀಲ್ ಡಬ್ಬ, ಒಳಗೆ ಮೀಟರ್, ಸ್ಪಿರಿಟ್ಟಿನ ಸಣ್ಣ ಬಾಟಲಿ, ಹತ್ತಿ, ಒಂದು ಚೀಟಿ. ಡಬ್ಬವನ್ನು ಬಟ್ಟೆ ಚೀಲದಲ್ಲಿ ಹಾಕಿ ಗೇಟಿಗೆ ತಗುಲಿ ಹಾಕುವುದು. ಬೆಳಿಗ್ಗೆ ನಮ್ಮನೆಯಿಂದ ಹೊರಟು ಬಲಗಡೆ ಸಾಲು ಮುಗಿಸಿ ಎಡಗಡೆ ಸಾಲಿಗೆ ಬಂದು ವಾಪಸ್. ಸಂಜೆ ಇನ್ನೊಂದು ಸುತ್ತು. ಹನ್ನೊಂದು ಮನೆ, ಜ್ವರ ಇರಲಿ ಬಿಡಲಿ. ನೋಡಿಕೊಂಡ ಮೇಲೆ ಸ್ಪಿರಿಟ್ಟಿನ ಹತ್ತಿಯಲ್ಲಿ ಒರೆಸಿ, ಕೈ ತೊಳೆದು, ಮುಂದಿನ ಗೇಟಿಗೆ. ನಂಬರ್ ನನಗೆ ಫೋನ್ ಮಾಡಿ ಹೇಳುವುದು. ರಾತ್ರಿ ತುರ್ತು ಇದ್ದವರ ಮನೆಯಲ್ಲೇ ಡಬ್ಬ ಉಳಿಯುತ್ತಿತ್ತು. ಅತ್ತೆ ಸುಧಾರಿಸಿಕೊಳ್ಳುವವರೆಗೆ ರಾತ್ರಿ ನಮ್ಮಲ್ಲೇ ಇತ್ತು ಅನ್ನುವುದನ್ನೂ ಹೇಳಬೇಕು. ಅದಕ್ಕೆ ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ಮೊದಲ ದಿನ ಎರಡು ಮನೆಯವರು ಡಬ್ಬ ಮುಟ್ಟಲಿಲ್ಲ. ನಾಲ್ಕನೇ ದಿನಕ್ಕೆ ಅವರೂ ಸೇರಿದರು. ಜ್ವರ ಇಲ್ಲ, ಕೆಮ್ಮು ಇಲ್ಲ ಅಂದ ಒಂದು ಮನೆಯ ಅಜ್ಜನಿಗೆ 90 ಬಂದದ್ದು ಈ ಸುತ್ತಿನಲ್ಲೇ. ಅವರು ಜಗಲಿಯ ಮೇಲೆ ಕೂತು ಪೇಪರ್ ಓದುತ್ತಿದ್ದರಂತೆ. 108ಕ್ಕೆ ಫೋನ್ ಮಾಡಿ, ಹೊತ್ತಿಗೆ ಸರಿಯಾಗಿ ಆಕ್ಸಿಜನ್ ಸಿಕ್ಕಿ, ಹನ್ನೆರಡು ದಿನಕ್ಕೆ ಮನೆಗೆ ಬಂದರು. ಈಗಲೂ ಅದೇ ಜಗಲಿಯಲ್ಲಿ ಪೇಪರ್ ಓದುತ್ತಾರೆ.

ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆ ದಿನಾ ಬಿಸಿಲಲ್ಲಿ ಗೇಟಿನಿಂದ ಗೇಟಿಗೆ ನಡೆದು ಕೇಳಿಕೊಂಡು ಹೋಗುತ್ತಿದ್ದರು. ಜನ ಬಾಗಿಲು ತೆಗೆಯದೆ ಒಳಗಿನಿಂದಲೇ "ಎಲ್ಲಾ ಚೆನ್ನಾಗಿದ್ದೀವಿ" ಅಂತ ಕೂಗಿಬಿಡುತ್ತಿದ್ದರು. ನಮ್ಮ ಪುಸ್ತಕ ಶುರುವಾದ ಮೇಲೆ ಅವರು ಮಿಲ್ಲಿನ ಮುಂದೆ ಐದು ನಿಮಿಷ ನಿಂತರೆ ಹನ್ನೊಂದು ಮನೆಯ ನಂಬರ್ ಬರೆದುಕೊಳ್ಳುತ್ತಿದ್ದರು. ನಾನು ಮಜ್ಜಿಗೆ ಲೋಟ ಕಟ್ಟೆಯ ಮೇಲೆ ಇಟ್ಟು ಹಿಂದೆ ಸರಿಯುತ್ತಿದ್ದೆ. ಮಾಸ್ಕ್ ಇಳಿಸಿ ಕುಡಿದಾಗ ಅವರ ಮೂಗಿನ ಮೇಲೆ ಗೆರೆ ಕಾಣುತ್ತಿತ್ತು, ಚರ್ಮ ಸುಲಿದು.

ಎಲ್ಲರೂ ಉಳಿದರು ಅಂತ ಬರೆಯುವ ಹಾಗಿಲ್ಲ.

ಬೀದಿಯ ಕೊನೆ ಮನೆಯವರು ಎಲೆಕ್ಟ್ರಿಷಿಯನ್. 48 ವರ್ಷ. ನಮ್ಮ ಮಿಲ್ಲಿನ ಮೋಟಾರು ಸುಟ್ಟಾಗಲೆಲ್ಲ ಅವರೇ ಬಂದು ಸರಿ ಮಾಡುತ್ತಿದ್ದದ್ದು. ಒಂದು ಬೆಳಿಗ್ಗೆ ಅವರ ಹೆಂಡತಿ ಫೋನಿನಲ್ಲಿ, "ಅಕ್ಕಾ, 91 ತೋರಿಸ್ತಾ ಇದೆ. ಇವರು ಸೆಲ್ ವೀಕಾಗಿರಬೇಕು ಅಂತಾರೆ" ಅಂದರು. ಹಿಂದಿನ ಮನೆಯವರಿಗೆ ಹತ್ತು ನಿಮಿಷ ಮುಂಚೆ ಸರಿಯಾಗೇ ತೋರಿಸಿತ್ತು. ಸೆಲ್ ಅಲ್ಲ, ಇನ್ನೊಂದು ಬೆರಳಿಗೆ ಹಾಕಿ ನೋಡಿ, ಡಾಕ್ಟರಿಗೆ ಹೇಳಿ ಅಂದೆ. ಅವರು ಕೇಳಲಿಲ್ಲ. ಮಧ್ಯಾಹ್ನ ಊಟ ಮಾಡಿ ಮಲಗಿದರಂತೆ. ಸಂಜೆಯ ಸುತ್ತಿನಲ್ಲಿ 84. ಆಮೇಲೆ ಬೆಡ್ಡಿಗಾಗಿ ಏಳು ಗಂಟೆ ಅಲೆದಾಟ. ಒಂದು ಕಡೆ ಬೆಡ್ ಇದೆ ಅಂದು, ದುಡ್ಡು ಮೊದಲು ಕಟ್ಟಿ ಅಂದು, ಕಟ್ಟಲು ಹೋಗುವಷ್ಟರಲ್ಲಿ ಇಲ್ಲ ಅಂದರು. ಕೊನೆಗೆ ಸಿಕ್ಕಿತು. ನಾಲ್ಕನೇ ದಿನ ಹೋಗಿಬಿಟ್ಟರು. ಮುಖ ನೋಡಲೂ ಆಗಲಿಲ್ಲ ಬೀದಿಯವರಿಗೆ.

ಅವರ ಮನೆಯಲ್ಲಿದ್ದ ಡಬ್ಬವನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಮೂರನೇ ದಿನ ಬೆಳಿಗ್ಗೆ ಅದು ನಮ್ಮ ಗೇಟಿನಲ್ಲಿ ನೇತಾಡುತ್ತಿತ್ತು. ಚೀಲ ಒಗೆದು ಇಸ್ತ್ರಿ ಮಾಡಿತ್ತು. ಡಬ್ಬದ ಒಳಗೆ ಮೀಟರ್, ಅದರ ಪಕ್ಕ ಕವರ್ ಬಿಚ್ಚದ ಎರಡು ಹೊಸ ಸೆಲ್. ಸೆಲ್ ವೀಕಾಗಿದೆ ಅಂತ ಅವರೇ ಆವತ್ತು ಬೆಳಿಗ್ಗೆ ಮಗನ ಕೈಲಿ ತರಿಸಿಟ್ಟಿದ್ದು. ಆ ಸೆಲ್ ಹಾಕಲು ನನಗೆ ಮನಸ್ಸಾಗಲಿಲ್ಲ. ಅತ್ತೆ ನನ್ನ ಕೈಯಿಂದ ತೆಗೆದುಕೊಂಡು, ಮೀಟರಿಗೆ ಹಾಕಿ, ಮುಚ್ಚಳ ಮುಚ್ಚಿ ಕೊಟ್ಟರು. "ಅವನು ಬೀದಿಗೆ ಕೊಟ್ಟಿದ್ದು. ಕಳಿಸು." ಆ ಸಂಜೆಯ ಸುತ್ತು ಆ ಸೆಲ್ಲಿನಲ್ಲೇ ನಡೆಯಿತು.

ಅದಕ್ಕೇ ಕೈಮುಗಿದು ಹೇಳುತ್ತೇನೆ, ಕಡಿಮೆ ನಂಬರ್ ಬಂದರೆ ಯಂತ್ರವನ್ನು ಬೈಯುತ್ತಾ ಕೂರಬೇಡಿ. ಐದು ನಿಮಿಷ ಕೂತು ಸುಧಾರಿಸಿಕೊಂಡು, ಬೇರೆ ಬೆರಳಿಗೆ ಹಾಕಿ, ಮನೆಯಲ್ಲಿ ಚೆನ್ನಾಗಿರುವವರ ಬೆರಳಿಗೂ ಹಾಕಿ ನೋಡಿ. ಅವರಿಗೆ ಸರಿ ಬಂದು ನಿಮಗೆ 94ಕ್ಕಿಂತ ಕಡಿಮೆ ಬಂದರೆ ಅದು ಸೆಲ್ಲಿನ ತಪ್ಪಲ್ಲ. ಡಾಕ್ಟರಿಗೆ ಹೇಳಿ.

ಈಗ ಕೊಳ್ಳುವವರಿಗೆ ಬೇಕಾದ್ದು. ಮೊದಲು ಪೆನ್ಸಿಲ್ ಇಟ್ಟು ನೋಡಿ. ಸ್ಥಿರವಾಗಿ 98 ತೋರಿಸಿದರೆ ಅಲ್ಲೇ ವಾಪಸ್ ಕೊಡಿ. ಅದಕ್ಕಿಂತ ಒಳ್ಳೆಯ ಪರೀಕ್ಷೆ ನಾಡಿಯದ್ದು: ಮಣಿಕಟ್ಟು ಹಿಡಿದು ಒಂದು ನಿಮಿಷ ಎಣಿಸಿ, ಮೀಟರಿನ ನಾಡಿಗೆ ಹೊಂದುತ್ತದಾ ನೋಡಿ. ಆಮೇಲೆ ನಾಲ್ಕು ಸಲ ಮೆಟ್ಟಿಲು ಹತ್ತಿ ಇಳಿದು ಇನ್ನೊಂದು ಸಲ ಎಣಿಸಿ. ನಾಡಿ ಏರಬೇಕು, ಮೀಟರೂ ಏರಬೇಕು. ನಮ್ಮದು ಹೊಂದಿತು. ಹಾಕಿದ ತಕ್ಷಣ ಬರುವ ನಂಬರನ್ನು ನಂಬಬಾರದು. ಅದು ಕುಣಿಯುತ್ತಿರುತ್ತದೆ, ಒಂದು ನಿಮಿಷ ಬಿಟ್ಟು ನಿಂತ ನಂಬರನ್ನೇ ಬರೆದುಕೊಳ್ಳಿ. ಉಗುರಿಗೆ ಬಣ್ಣ ಇದ್ದರೆ ಒರೆಸಬೇಕು. ನಮ್ಮ ಬೀದಿಯಲ್ಲಿ ಒಬ್ಬಳು ಹುಡುಗಿಗೆ 91 ಬಂದು ಮನೆಯವರೆಲ್ಲ ಅತ್ತುಬಿಟ್ಟಿದ್ದರು, ನೇಲ್ ಪಾಲಿಶ್ ತೆಗೆದ ಮೇಲೆ 98. ಬಿಸಿಲಲ್ಲಿ ಕೂತು ನೋಡಬೇಡಿ, ಬೆರಳು ಅಲ್ಲಾಡಿಸಬೇಡಿ.

ಆರು ನಿಮಿಷದ ನಡಿಗೆ ಅಂತ ಒಂದಿದೆ, ಅದನ್ನೂ ಕಲಿತಿರಿ. ಕೂತಾಗ ನೋಡಿ, ಮನೆಯೊಳಗೇ ಆರು ನಿಮಿಷ ನಡೆದು ಮತ್ತೆ ನೋಡುವುದು. 94ಕ್ಕಿಂತ ಕೆಳಗಿಳಿದರೆ, ಇಲ್ಲವೇ ಮೊದಲಿಗಿಂತ ಮೂರಕ್ಕೂ ಹೆಚ್ಚು ಇಳಿದರೆ ಡಾಕ್ಟರಿಗೆ ತಿಳಿಸಬೇಕು. ಆಗಲೇ ಏದುಸಿರು ಇರುವವರು ಇದನ್ನು ಮಾಡಬಾರದು. ಮೇ ಕೊನೆಗೆ ನನಗೂ ಕಾಯಿಲೆ ಬಂದಾಗ ನಮ್ಮನೆಯವರು ಗೋಡೆ ಗಡಿಯಾರ ಕೆಳಗಿಳಿಸಿ ಕೈಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನಾನು ಹಜಾರದಲ್ಲಿ ಆ ಗೋಡೆಯಿಂದ ಈ ಗೋಡೆಗೆ. "ನಾಲ್ಕು ನಿಮಿಷ… ನಿಧಾನ… ಐದು." ಅಷ್ಟು ಗಮನ ಕೊಟ್ಟು ಅವರು ನನ್ನನ್ನು ನೋಡುತ್ತಾ ನಿಂತು ಎಷ್ಟು ವರ್ಷ ಆಗಿತ್ತೋ. ಹತ್ತು ದಿನವೂ ಹಾಗೇ ನಿಂತರು.

ಕೊರತೆಗಳೂ ಇವೆ. ಸೆಲ್ ಹಾಕುವ ಮುಚ್ಚಳ ತೆಳು, ಎರಡನೇ ವರ್ಷಕ್ಕೇ ಕೊಂಡಿ ಮುರಿಯಿತು, ಈಗ ರಬ್ಬರ್ ಬ್ಯಾಂಡ್ ಹಾಕಿದ್ದೇವೆ. ಸೆಲ್ ಒಳಗೇ ಬಿಟ್ಟರೆ ರಸ ಸೋರುತ್ತದೆ, ಬಳಸದ ದಿನಗಳಲ್ಲಿ ತೆಗೆದಿಡಬೇಕು. ಸಣ್ಣ ಮಕ್ಕಳ ಬೆರಳಿಗೆ ಇದು ಆಗುವುದಿಲ್ಲ, ಸಡಿಲವಾಗಿ ತಪ್ಪು ತೋರಿಸುತ್ತದೆ. ಮಕ್ಕಳಿಗೆ ಅಂತಲೇ ಬೇರೆ ಬರುತ್ತದೆ. ಒಂದೆರಡು ಅಂಕಿ ಆಚೀಚೆ ಆಗುವುದು ಸಹಜ. ಇನ್ನೊಂದು ದೊಡ್ಡ ವಿಷಯ, ಇದನ್ನು ಡಬ್ಬದ ಮೇಲೆ ಯಾರೂ ಬರೆಯುವುದಿಲ್ಲ: ಕಪ್ಪು ಚರ್ಮದವರಿಗೆ ಇವು ಇರುವುದಕ್ಕಿಂತ ಹೆಚ್ಚು ತೋರಿಸುವ ಸಂಭವ ಇದೆ. 2020ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಮ್ಲಜನಕ ನಿಜಕ್ಕೂ ಕಡಿಮೆ ಇದ್ದರೂ ಯಂತ್ರ ಹಿಡಿಯದೆ ಬಿಟ್ಟದ್ದು ಬಿಳಿಯರಿಗಿಂತ ಕಪ್ಪು ಜನರಲ್ಲಿ ಹತ್ತಿರ ಹತ್ತಿರ ಮೂರು ಪಟ್ಟು ಅಂತ ಬಂತು. ಹೊಲದಲ್ಲಿ, ಬಿಸಿಲಲ್ಲಿ ದುಡಿದು ಮೈಬಣ್ಣ ಗಾಢವಾದವರು ನಮ್ಮಲ್ಲಿ ಎಷ್ಟು ಜನ! ಅದಕ್ಕೆ ಒಂದು ಸಲದ ನಂಬರಿಗಿಂತ, ನಿನ್ನೆ ಎಷ್ಟಿತ್ತು, ಇವತ್ತು ಬೆಳಿಗ್ಗೆ ಎಷ್ಟು, ಸಂಜೆ ಎಷ್ಟು ಅನ್ನುವ ಇಳಿಕೆ ಮುಖ್ಯ. ಬರೆದಿಡದಿದ್ದರೆ ಅದು ತಿಳಿಯುವುದಿಲ್ಲ. ಮೀಟರಿನ ಜೊತೆ ಒಂದು ನೋಟ್‌ಬುಕ್ಕೂ ಕೊಳ್ಳಿ.

ಬೆಲೆ ಈಗ ಇಳಿದಿದೆ. 2021ರ ಜುಲೈ 20ರಿಂದ ಸರ್ಕಾರ ಆಕ್ಸಿಮೀಟರ್, ಬಿಪಿ ಯಂತ್ರ, ನೆಬ್ಯುಲೈಸರ್, ಡಿಜಿಟಲ್ ಥರ್ಮಾಮೀಟರ್, ಗ್ಲುಕೋಮೀಟರ್ ಈ ಐದಕ್ಕೂ ವ್ಯಾಪಾರದ ಲಾಭಕ್ಕೆ ಮಿತಿ ಹಾಕಿತು. ಎರಡು ತಿಂಗಳು ಮೊದಲೇ ಹಾಕಿದ್ದರೆ ಅಂತ ಈಗಲೂ ಅನ್ನಿಸುತ್ತದೆ. ಇವತ್ತು ಸಾವಿರ ರೂಪಾಯಿಯ ಒಳಗೆ ಕೆಲಸಕ್ಕೆ ಬರುವಂಥದ್ದು ಸಿಗುತ್ತದೆ. ಆದರೆ ಬಿಲ್ ಕೊಡುವ ಕಡೆಯೇ ತೆಗೆದುಕೊಳ್ಳಿ.

ನಮ್ಮದಕ್ಕೆ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಆ ಮುಚ್ಚಳಕ್ಕೆ.

ಈಗ ಡಬ್ಬ ಮಿಲ್ಲಿನಲ್ಲಿ ತಕ್ಕಡಿಯ ಪಕ್ಕದ ಮೊಳೆಯಲ್ಲಿ ಇರುತ್ತದೆ. ಅತ್ತೆಗೆ 76. ಬೆಳಗಿನ ಹೊತ್ತು ಗಲ್ಲಾದಲ್ಲಿ ಅವರೇ ಕೂರುತ್ತಾರೆ, ಬೀದಿಗೆ ಮುಖ ಕೊಟ್ಟು. ಡಬ್ಬ ಯಾರು ತೆಗೆದುಕೊಂಡು ಹೋದರು, ಯಾವಾಗ ವಾಪಸ್ ಬಂತು ಅನ್ನುವುದು ಅವರ ಲೆಕ್ಕ. ನಿನ್ನೆ ಹಿಂದಿನ ಕ್ರಾಸಿನಿಂದ ಒಬ್ಬ ಹುಡುಗ ಬಂದು ಇಸಿದುಕೊಂಡು ಹೋದ, ಅವರ ಅಜ್ಜಿಗೆ ಎರಡು ದಿನದಿಂದ ಕೆಮ್ಮಂತೆ. ಇನ್ನೂ ವಾಪಸ್ ಬಂದಿಲ್ಲ. ಅಜ್ಜಿಯ ಕೈ ತಣ್ಣಗಿರುತ್ತೋ ಏನೋ, ಆ ಹುಡುಗನಿಗೆ ಉಜ್ಜಿ ಹಾಕಬೇಕು ಅಂತ ಹೇಳುವುದು ಮರೆತೆ. ಸಂಜೆ ಮಿಲ್ಲು ನಿಲ್ಲಿಸಿ ಹೋಗಿ ನೋಡಿ ಬರಬೇಕು.